ಸಿಎಸ್ಆರ್ 30 ಲಕ್ಷ, 120 ಮಂದಿ ಯುವಜನ: ಕುಷ್ಟಗಿಯಲ್ಲಿ ತರಬೇತಿ ಹೇಗೆ ಕಟ್ಟೋದು?

ಕುಷ್ಟಗಿ ಟ್ರಸ್ಟ್

ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲೂಕಿನ ಒಂದು ನೋಂದಾಯಿತ ಟ್ರಸ್ಟಿಗೆ ಕಂಪನಿಯೊಂದು ಸಿಎಸ್ಆರ್‌ನಲ್ಲಿ 30 ಲಕ್ಷ ಕೊಡಲು ಒಪ್ಪಿದೆ (ಸಿಎಸ್ಆರ್ ಎಂದರೆ ಕಂಪನಿಗಳು ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡುವ ಬಾಬು). ಅವರ ಷರತ್ತು ಮೂರು. 18ರಿಂದ 30 ವರ್ಷದ 120 ಮಂದಿಗೆ ಬೈಕ್ ರಿಪೇರಿ, ಹೊಲಿಗೆ, ಆಹಾರ ತಯಾರಿಕೆ ಕಲಿಸಬೇಕು. ಮಾರ್ಚ್ 31ರೊಳಗೆ ಮುಗಿಸಬೇಕು. ಕೊನೆಗೆ ಪ್ರಮಾಣಪತ್ರ ಪಡೆದವರ ಪಟ್ಟಿ, ಫೋಟೋ ಕೊಡಬೇಕು. ಈಗ ನವೆಂಬರ್. ತಲೆಗೆ 25,000 ರೂಪಾಯಿ ಬೀಳುತ್ತದೆ. ಟ್ರಸ್ಟಿಗೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಇವೆ. ದುಡ್ಡನ್ನು ಹೇಗೆ ಹಂಚಬೇಕು, ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಏನೇನು ಬರೆಸಿಕೊಳ್ಳಬೇಕು, ಕೈ ಸುಡುವುದು ಎಲ್ಲಿ? ಬಲ್ಲವರು ಬಿಡಿಸಿ ಹೇಳಿ.

ಲೆಕ್ಕದ ಮೇಷ್ಟ್ರು

12ಎ, 80ಜಿ ಇದ್ದರೆ ಸಾಲದು. 2021ರ ಏಪ್ರಿಲ್ 1ರಿಂದ ಸಿಎಸ್ಆರ್ ಹಣ ತೆಗೆದುಕೊಳ್ಳುವ ಸಂಸ್ಥೆ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಫಾರ್ಮ್ ಸಿಎಸ್ಆರ್-1 ಸಲ್ಲಿಸಿ ನೋಂದಣಿ ಸಂಖ್ಯೆ ಪಡೆದಿರಬೇಕು. ಟ್ರಸ್ಟಿಯೊಬ್ಬರ ಡಿಜಿಟಲ್ ಸಹಿ ಬೇಕು, ಜೊತೆಗೆ ಪ್ರಾಕ್ಟೀಸ್‌ನಲ್ಲಿರುವ ಸಿಎ, ಕಂಪನಿ ಸೆಕ್ರೆಟರಿ (ಸಿಎಸ್) ಅಥವಾ ಕಾಸ್ಟ್ ಅಕೌಂಟೆಂಟ್ ದೃಢೀಕರಣ ಬೇಕು. ಕಂಪನಿಯೇ ಹುಟ್ಟುಹಾಕಿದ ಟ್ರಸ್ಟ್ ಅಲ್ಲದಿದ್ದರೆ ಇದೇ ಬಗೆಯ ಕೆಲಸದಲ್ಲಿ ಕನಿಷ್ಠ 3 ವರ್ಷದ ಅನುಭವ ತೋರಿಸಬೇಕು. ಇಷ್ಟು ವರ್ಷ ಬರೀ ಆರೋಗ್ಯ ಶಿಬಿರ ನಡೆಸಿದ ಟ್ರಸ್ಟ್ ಏಕಾಏಕಿ ಕೌಶಲ ತರಬೇತಿಗೆ ಇಳಿದರೆ ಆಡಿಟರ್ ಮೊದಲು ಹಿಡಿಯುವುದೇ ಇಲ್ಲಿ.

ಇನ್ನು ಮಾರ್ಚ್ 31ರ ಗಡುವು. ಅದು ಕಂಪನಿಯ ಅವಸರ, ಕಾನೂನು ಹಾಗೆ ಹೇಳುವುದಿಲ್ಲ. ನಿರ್ದೇಶಕ ಮಂಡಳಿ ನಿಮ್ಮ ಯೋಜನೆಯನ್ನು ‘ಚಾಲ್ತಿಯಲ್ಲಿರುವ ಯೋಜನೆ’ ಎಂದು ಮಂಜೂರು ಮಾಡಿದರೆ, ಶುರುವಾದ ಆರ್ಥಿಕ ವರ್ಷ ಬಿಟ್ಟು ಮುಂದಿನ 3 ವರ್ಷದವರೆಗೆ ನಡೆಸಬಹುದು. ಮಾರ್ಚ್ ಕೊನೆಗೆ ಖರ್ಚಾಗದೆ ಉಳಿದದ್ದನ್ನು ಕಂಪನಿ 30 ದಿನದೊಳಗೆ, ಅಂದರೆ ಏಪ್ರಿಲ್ 30ರೊಳಗೆ, ‘ಖರ್ಚಾಗದ ಸಿಎಸ್ಆರ್ ಖಾತೆ’ ತೆರೆದು ಅದರಲ್ಲಿ ಇಡಬೇಕು, ಅಷ್ಟೇ. ಹಾಗೆ ಮಂಜೂರು ಮಾಡದ ಹಣ ಉಳಿದರೆ ಮಾತ್ರ 6 ತಿಂಗಳೊಳಗೆ ಪ್ರಧಾನಮಂತ್ರಿ ಪರಿಹಾರ ನಿಧಿಯಂಥ, ಕಂಪನಿ ಕಾಯ್ದೆಯ ಏಳನೇ ಅನುಸೂಚಿಯ ನಿಧಿಗೆ ಹೋಗುತ್ತದೆ. ಒಂದೇ ವರ್ಷದ್ದೆಂದು ಮೊದಲು ಮಂಜೂರಾದ ಯೋಜನೆಯನ್ನೂ ಸಮರ್ಥ ಕಾರಣ ಕೊಟ್ಟು ಮಂಡಳಿ ಮುಂದಕ್ಕೆ ವಿಸ್ತರಿಸಬಹುದು. ಆದ್ದರಿಂದ ಸಹಿಗೆ ಮೊದಲು ಕೇಳಬೇಕಾದ ಮೊದಲ ಮಾತು ಇದು: ‘ಇದನ್ನು ಚಾಲ್ತಿ ಯೋಜನೆಯೆಂದು ಮಂಜೂರು ಮಾಡುತ್ತೀರಾ?’

ಇನ್ನೊಂದು. ಕಂಪನಿ ಟ್ರಸ್ಟಿನ ಖಾತೆಗೆ ದುಡ್ಡು ಹಾಕಿದ ಮಾತ್ರಕ್ಕೆ ಖರ್ಚಾಯಿತು ಎಂದು ಲೆಕ್ಕವಿಲ್ಲ. ಟ್ರಸ್ಟ್ ಅದನ್ನು ಬಳಸಿರಬೇಕು, ಕಂಪನಿಯ ಹಣಕಾಸು ಮುಖ್ಯಸ್ಥ (ಸಿಎಫ್ಒ) ಅದನ್ನು ದೃಢೀಕರಿಸಬೇಕು. ಮಾರ್ಚ್ 28ಕ್ಕೆ ಹಣ ಬಂದು 31ಕ್ಕೆ ಬಳಕೆ ಪ್ರಮಾಣಪತ್ರ ಕೊಡಿ ಎನ್ನುವವರಿಗೆ ಸಹಿ ಮಾಡಿ ಕೊಟ್ಟರೆ ಸಿಕ್ಕಿಬೀಳುವುದು ಇಬ್ಬರೂ.

ಕಂಪನಿ ಕಡೆಯವರು

ಮೇಷ್ಟ್ರು ಹೇಳಿದ್ದು ಸರಿ. ಆ ಕಡೆಯ ಲೆಕ್ಕವನ್ನೂ ಸ್ವಲ್ಪ ತಿಳಿದಿರಲಿ, ಮಾತುಕತೆಗೆ ಅನುಕೂಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ, ಇವುಗಳಲ್ಲಿ ಒಂದನ್ನು ಮುಟ್ಟಿದರೂ ಹಿಂದಿನ 3 ವರ್ಷದ ಸರಾಸರಿ ನಿವ್ವಳ ಲಾಭದ ಶೇ 2ರಷ್ಟು ಖರ್ಚು ಮಾಡಬೇಕು. ಆ ಅಂಕಿ ವರ್ಷದ ಮೊದಲೇ ಗೊತ್ತಿರುತ್ತದೆ. ಆದರೂ ಯೋಜನೆ ಹುಡುಕುವುದು ಡಿಸೆಂಬರ್ ದಾಟಿದ ಮೇಲೆ. ಹಾಗಾಗಿ ಜನವರಿಯಿಂದ ಮಾರ್ಚ್‌ವರೆಗೆ ನೂಕುನುಗ್ಗಲು.

ಮಂಡಳಿಗೆ ಹೋಗುವ ಟಿಪ್ಪಣಿ ಎರಡು ಪುಟಕ್ಕಿಂತ ಉದ್ದ ಬೇಡ. ಏಳನೇ ಅನುಸೂಚಿಯ ಯಾವ ಬಾಬು (ನಿಮ್ಮದು ಎರಡನೇ ಬಾಬು: ಉದ್ಯೋಗ ಹೆಚ್ಚಿಸುವ ವೃತ್ತಿ ಕೌಶಲ, ಜೀವನೋಪಾಯ), ಯಾವ ಜಿಲ್ಲೆ, ಎಷ್ಟು ತಿಂಗಳು, ಕಂತು ಯಾವಾಗ, ಕೊನೆಗೆ ಯಂತ್ರ ಯಾರ ಹೆಸರಿಗೆ. ಈ ಐದಕ್ಕೆ ಉತ್ತರ ಇದ್ದರೆ ಕಡತ ಓಡುತ್ತದೆ. ಕಾರ್ಖಾನೆ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಿ ಎಂದು ಕಾಯ್ದೆಯೇ ಹೇಳುವುದರಿಂದ, ಕಂಪನಿಯ ಘಟಕ ಗಿಣಿಗೇರಾದಲ್ಲೋ ತೋರಣಗಲ್ಲಿನಲ್ಲೋ ಇದ್ದರೆ ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ.

ಶೇ 5ರ ಆಡಳಿತ ವೆಚ್ಚದ ಮಿತಿ ನಮಗೂ ಅನ್ವಯಿಸುತ್ತದೆ ಎಂದು ಟ್ರಸ್ಟಿನವರು ತಿಳಿಯುತ್ತಾರೆ. ಕಂಪನಿಯ ಕೆಳಗಿನ ಅಧಿಕಾರಿಗಳೂ ಹಾಗೇ ಹೇಳುತ್ತಾರೆ. ಆ ಮಿತಿ ಇರುವುದು ಕಂಪನಿಯೊಳಗಿನ ಸಿಎಸ್ಆರ್ ವಿಭಾಗ ನಡೆಸುವ ಸಾಮಾನ್ಯ ಖರ್ಚಿಗೆ. ತರಬೇತುದಾರರ ಸಂಬಳ, ಕ್ಷೇತ್ರ ಸಿಬ್ಬಂದಿಯ ಸಂಬಳ, ಅವರ ಪೆಟ್ರೋಲು ಯೋಜನೆಯ ನೇರ ವೆಚ್ಚ. ಇದನ್ನು ಬಜೆಟ್‌ನಲ್ಲಿ ‘ಆಡಳಿತ’ ಎಂಬ ತಲೆಬರಹದಡಿ ಹಾಕಿದಿರೋ, ಕತ್ತರಿ ಬಿತ್ತು. ‘ತರಬೇತಿ ನಂತರದ ಕೈಹಿಡಿತ’ ಎಂದು ಬರೆದರೆ ಉಳಿಯುತ್ತದೆ. ಪದದ ಆಟವಲ್ಲ ಇದು, ನಿಜವಾಗಿ ಅದೇ ಕೆಲಸ.

ಉಜಿರೆ ಕಡೆಯವ

ಬಜೆಟ್‌ಗೆ ಮೊದಲು ಒಂದು ಪ್ರಶ್ನೆ. ಇದೇ ತರಬೇತಿ ಜಿಲ್ಲೆಯಲ್ಲಿ ಆಗಲೇ ಪುಕ್ಕಟೆ ಸಿಗುತ್ತಿಲ್ಲವೇ? 1982ರಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ಶುರುಮಾಡಿದ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟಿಯ ಮಾದರಿಯನ್ನೇ ಕೇಂದ್ರ ಸರ್ಕಾರ ತೆಗೆದುಕೊಂಡು ಜಿಲ್ಲೆಗೊಂದು ಆರ್‌ಸೆಟಿ ಮಾಡಿತು. ಊಟ ವಸತಿ ಸಮೇತ ಉಚಿತ, ನಡೆಸುವುದು ಬ್ಯಾಂಕು, ತರಬೇತಿ ಮುಗಿದ ಮೇಲೆ 2 ವರ್ಷ ಬೆನ್ನುಹತ್ತುವ ಕ್ರಮವೂ ಇದೆ. 30 ದಿನದ ಹೊಲಿಗೆ ಕಲಿಸಲು ಸಿಎಸ್ಆರ್ ದುಡ್ಡು ಸುರಿಯುವುದು ಎಂದರೆ ಹರಿಯುವ ಹೊಳೆಯ ಪಕ್ಕದಲ್ಲಿ ಬಾವಿ ತೋಡಿದಂತೆ.

ಆರ್‌ಸೆಟಿಗೆ ಆಗದೇ ಇರುವುದು ಯಾವುದು? ಮನೆ ಬಿಟ್ಟು ಜಿಲ್ಲಾ ಕೇಂದ್ರದಲ್ಲಿ ಉಳಿಯಲಾಗದ ಹುಡುಗಿಯರಿಗೆ ಊರಲ್ಲೇ ಕಲಿಸುವುದು. ಕಲಿತವರಿಗೆ ಉಪಕರಣ. ಮೊದಲ ಆರು ತಿಂಗಳ ದುಡಿಯುವ ಬಂಡವಾಳ. ಬ್ಯಾಂಕಿಗೆ ಹತ್ತು ಸಲ ಜೊತೆಗೆ ಹೋಗುವ ಒಬ್ಬ ಮನುಷ್ಯ. ಸಿಎಸ್ಆರ್ ದುಡ್ಡು ಇಲ್ಲಿಗೆ ಹೋಗಲಿ. ಹುಡುಗರನ್ನು ಉದ್ಯಮಶೀಲತೆ ಭಾಗಕ್ಕೆ ಮಾತ್ರ ಆರ್‌ಸೆಟಿಗೆ ಕಳಿಸಿ. ಅಲ್ಲಿ ರಿಂಗ್ ಎಸೆಯುವ ಆಟ ಆಡಿಸುತ್ತಾರೆ: ಎಷ್ಟು ದೂರದಿಂದ ಎಸೆಯಬೇಕೆಂದು ಆಡುವವನೇ ಆರಿಸಿಕೊಳ್ಳಬೇಕು. ಗೂಟದ ಪಕ್ಕವೇ ನಿಂತು ಹಾಕುವವನು, ಮೈಲಿ ದೂರ ನಿಂತು ಬೀಸುವವನು, ಅಳೆದು ನಿಲ್ಲುವವನು ಯಾರೆಂದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ಎರಡು ಪುಟದ ಅರ್ಜಿ ನಮೂನೆ ಅಷ್ಟು ಹೇಳುವುದಿಲ್ಲ.

ಆಯ್ಕೆಯಲ್ಲಿ ಮನೆಭೇಟಿ ಬಿಡಬೇಡಿ. ತಂದೆತಾಯಿಗೆ ಒಪ್ಪಿಗೆಯಿಲ್ಲದ ಹುಡುಗಿ, ಬೆಂಗಳೂರಿಗೋ ಗೋವಾಕ್ಕೋ ದುಡಿಯಲು ಹೋಗಲು ಆಗಲೇ ಮಾತಾಗಿರುವ ಹುಡುಗ, ಇವರೇ ಹತ್ತನೇ ದಿನಕ್ಕೆ ಬಿಡುವವರು. 30 ಸೀಟಿಗೆ 75 ಅರ್ಜಿ, 45 ಮನೆಭೇಟಿ ಎಂಬ ಅಳತೆ ಇಟ್ಟುಕೊಳ್ಳಿ.

ಹೊಲಿಗಿ ಮನಿ, ಧಾರವಾಡ

ಹೊಲಿಗಿ ಅಂದ್ರ ಒಂದ ಕೆಲಸ ಅಲ್ಲರೀ, ಎರಡು. ಮನ್ಯಾಗ ಕುಂತು ಬ್ಲೌಸು, ಚೂಡಿದಾರ ಹೊಲಿಯೂದು ಬ್ಯಾರೆ. ದೊಡ್ಡಬಳ್ಳಾಪುರದಾಗೋ ಪೀಣ್ಯಾದಾಗೋ ಗಾರ್ಮೆಂಟ್ಸ್ ಲೈನಿನ್ಯಾಗ ಕೂಡೂದು ಬ್ಯಾರೆ. ಎರಡಕ್ಕೂ ಒಂದ ಕ್ಲಾಸ್ ಮಾಡ್ತಾರ, ಅಲ್ಲೇ ಎಡವಟ್ಟು.

ಫ್ಯಾಕ್ಟರಿಗೆ ಕಳಸೂದಿದ್ರ ತುಳಿಯೂ ಮಷಿನ್ ಮ್ಯಾಲ ಕಲಿಸಿ ಉಪಯೋಗಿಲ್ಲ. ಅಲ್ಲಿರೂದು ಸಿಂಗಲ್ ನೀಡಲ್ ಪವರ್ ಮಷಿನ್, ನಿಮಿಷಕ್ಕ 4,000 ಹೊಲಿಗಿ ಹಾಕ್ತದ. ಕಾಲು ಒತ್ತಿದ ಕೂಡಲೇ ಬಟ್ಟಿ ಕೈಬಿಟ್ಟು ಓಡ್ತದ. ಸೂಜಿನೂ ಬ್ಯಾರೆ: ಮನಿ ಮಷಿನ್ನಿಗೆ ಎಚ್‌ಎ-1, ಪವರ್ ಮಷಿನ್ನಿಗೆ ಡಿಬಿ-1. ತಪ್ಪು ಸೂಜಿ ಖರೀದಿ ಮಾಡಿ ಡಬ್ಬಿಗಟ್ಟಲೆ ಹಂಗ ಬಿದ್ದಿರ್ತಾವ. 15 ಮಂದಿಗೆ 10 ಪವರ್ ಮಷಿನ್, 2 ಓವರ್‌ಲಾಕ್ ಬೇಕು. ಸರ್ವೋ ಮೋಟಾರಿಂದ ತಗೋರಿ. ಹಳೆ ಕ್ಲಚ್ ಮೋಟಾರು ಕರೆಂಟ್ ಭಾಳ ತಿಂತದ, ಕಲಿಯೋರಿಗೆ ವೇಗ ಕಡಿಮಿ ಇಡಾಕ ಬರೂದಿಲ್ಲ. ಮೊದಲ ಮೂರು ದಿವ್ಸ ದಾರನ ಹಾಕಬ್ಯಾಡ್ರಿ, ಗೆರಿ ಎಳೆದ ಕಾಗದದ ಮ್ಯಾಲ ಬರೇ ಸೂಜಿ ಓಡಸ್ರಿ. ನೇರ ಗೆರಿ, ಆಮ್ಯಾಲ ಮೂಲಿ ತಿರುಗಸೂದು, ಆಮ್ಯಾಲ ಸುತ್ತ. ಗೆರಿ ಮ್ಯಾಲ ತೂತು ಬಿದ್ರ ಮಾತ್ರ ಬಟ್ಟಿ ಕೊಡ್ರಿ. ಸೂಜಿ ಗಾರ್ಡ್ ಬಿಚ್ಚಿಟ್ಟ ಕಲಸ್ತಾರ, ಬೆರಳು ಹೋಗೂದು ಹಂಗ.

ಮನ್ಯಾಗ ಮಾಡೋರಿಗೆ ತುಳಿಯೂ ಮಷಿನ್ನ ಸೈ, ಕರೆಂಟ್ ಹೋದ್ರೂ ನಡೀತದ. ಆದ್ರ ಒಂದ ಊರಾಗ 20 ಮಂದಿಗೆ ಬ್ಲೌಸ್ ಕಲಿಸಿದ್ರ ಯಾರದ್ ಯಾರು ಹೊಲಸ್ಬೇಕು? ಒಂದ ಊರಿಗೆ ಮೂರ ಮಂದಿ, ಅದರ ಮ್ಯಾಲ ಬ್ಯಾಡ. ಒಬ್ಬಾಕಿಗೆ ಬ್ಲೌಸು, ಇನ್ನೊಬ್ಬಾಕಿಗೆ ಸೀರಿ ಫಾಲ್, ಕುಚ್ಚು, ಮತ್ತೊಬ್ಬಾಕಿಗೆ ಸಾಲಿ ಯೂನಿಫಾರ್ಮ್. ಇಳಕಲ್ ಹತ್ರ ಐತಲ್ಲ, ಸೀರಿ ಕುಚ್ಚಿಗೆ ಕೆಲಸ ಸಿಗ್ತದ.

ಗ್ಯಾರೇಜ್ ಗುರು

ಬೈಕ್ ರಿಪೇರಿಯ ಪಠ್ಯಕ್ರಮವನ್ನು ಒಮ್ಮೆ ತೆರೆದು ನೋಡಿ. ಕಾರ್ಬ್ಯುರೇಟರ್ ಟ್ಯೂನಿಂಗ್‌ಗೆ ಒಂದು ವಾರ ಇಟ್ಟಿದ್ದರೆ ಅದು ಹಳೆಯದು. 2020ರ ಏಪ್ರಿಲ್‌ನಿಂದ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಹೊಸ ಗಾಡಿಗಳೆಲ್ಲ ಬಹುಪಾಲು ಫ್ಯುಯೆಲ್ ಇಂಜೆಕ್ಷನ್. ಸ್ಟಾರ್ಟ್ ಆಗದ ಗಾಡಿಯ ಪ್ಲಗ್ ಬಿಚ್ಚಿ ಒರೆಸುವುದರಿಂದ ಶುರುಮಾಡುವ ಹುಡುಗನಿಗೆ ಪಂಪಿನ ಪ್ರೆಶರ್ ನೋಡುವುದು, ಸೆನ್ಸರ್ ವೋಲ್ಟೇಜ್ ಅಳೆಯುವುದು, ಮೀಟರಿನಲ್ಲಿ ಮಿನುಗುವ ಎಂಜಿನ್ ದೀಪದ ಕೋಡ್ ಓದುವುದು ಬರಬೇಕು. ಹಳೆಯ ಗಾಡಿಗಳು ಹಳ್ಳಿಯಲ್ಲಿ ಇನ್ನೂ ಓಡುತ್ತಿವೆ, ಆದ್ದರಿಂದ ಕಾರ್ಬ್ಯುರೇಟರನ್ನು ಪೂರಾ ಬಿಡುವುದಲ್ಲ. ಎರಡು ದಿನ ಸಾಕು.

15 ಮಂದಿಗೆ 5 ಗಾಡಿ, ಒಂದಕ್ಕೆ ಮೂವರು. ನಾಲ್ಕನೆಯವನು ಬಂದರೆ ಅವನು ನೋಡುಗ, ಕೈ ಕೊಳೆಯಾಗುವುದಿಲ್ಲ. ಐದರಲ್ಲಿ ಮೂರಾದರೂ ಇಂಜೆಕ್ಷನ್ ಇರಲಿ. ತರಬೇತಿ ಕೇಂದ್ರಕ್ಕೆ ಹಲವು ಕಂಪನಿಯ ಗಾಡಿ ಓದುವ ಸ್ಕ್ಯಾನರ್ 1, ಫ್ಯುಯೆಲ್ ಪ್ರೆಶರ್ ಗೇಜ್ 1, ಟಾರ್ಕ್ ರೆಂಚ್ 2, ಮಲ್ಟಿಮೀಟರ್ 5, ಮ್ಯಾಗ್ನೆಟ್ ಪುಲ್ಲರ್ ಮತ್ತು ಕ್ಲಚ್ ಹೋಲ್ಡರ್ ಸೆಟ್. ಕಲಿತು ಹೊರಡುವವನಿಗೆ ಕೊಡುವ ಪೆಟ್ಟಿಗೆಯಲ್ಲಿ ರಿಂಗ್ ಮತ್ತು ಡಬಲ್ ಎಂಡ್ ಸ್ಪ್ಯಾನರ್ ಸೆಟ್, ಟಿ ಸ್ಪ್ಯಾನರ್ 8, 10, 12, 14, ಪ್ಲಗ್ ಸ್ಪ್ಯಾನರ್, ಫೀಲರ್ ಗೇಜ್, ಮಲ್ಟಿಮೀಟರ್, ಕಾಲಿನಿಂದ ಒತ್ತುವ ಗಾಳಿ ಪಂಪ್, ಪಂಕ್ಚರ್ ಸಾಮಾನು ಸಾಕು. ಕಂಪ್ರೆಸರ್ ಕೊಡುವ ಆಸೆಗೆ ಬೀಳಬೇಡಿ. ಅಂಗಡಿ, ಕರೆಂಟ್ ಮೀಟರ್ ಎರಡೂ ಇಲ್ಲದವನು ಅದನ್ನು ಮಾರುತ್ತಾನೆ. ಅವನ ತಪ್ಪಲ್ಲ, ಇಡುವುದಾದರೂ ಎಲ್ಲಿ?

45 ದಿನದಲ್ಲಿ ಮೆಕ್ಯಾನಿಕ್ ಆಗುವುದಿಲ್ಲ ಎಂಬುದನ್ನು ಕಂಪನಿಗೆ ಮೊದಲೇ ಹೇಳಿ. 45 ದಿನ ತರಬೇತಿ, ಆಮೇಲೆ ನಡೆಯುತ್ತಿರುವ ಗ್ಯಾರೇಜಿನಲ್ಲಿ 3 ತಿಂಗಳು. ಆ ಮೂರು ತಿಂಗಳಿಗೆ ತಿಂಗಳಿಗಿಷ್ಟು ಭತ್ಯೆ ಕೊಟ್ಟರೆ ಹುಡುಗ ಉಳಿಯುತ್ತಾನೆ. ಗ್ಯಾರೇಜ್ ಮಾಲೀಕನಿಗೂ ಏನಾದರೂ ಸಿಗಬೇಕು. ನಗದು ಬೇಡ, ಒಂದು ಸ್ಕ್ಯಾನರನ್ನು ಅವನ ಗ್ಯಾರೇಜಿನಲ್ಲೇ ಇಡಿ. ಇಲ್ಲದಿದ್ದರೆ ಮೂರು ತಿಂಗಳೂ ಹುಡುಗ ಗಾಡಿ ತೊಳೆಯುತ್ತಾನೆ.

ಕುಷ್ಟಗಿ ಟ್ರಸ್ಟ್

ಎಲ್ಲರಿಗೂ ಧನ್ಯವಾದ. 120ರ ಸಂಖ್ಯೆ ಇಳಿಸದೆ ಇದು ಆಗುವುದಿಲ್ಲ ಎಂಬುದು ಕಾಣುತ್ತಿದೆ. ಇನ್ನೆರಡು ಪ್ರಶ್ನೆ. ಸ್ವಂತ ಉದ್ಯೋಗ ಮಾಡುವವರಿಗೆ ಸಿಎಸ್ಆರ್‌ನಿಂದ ನೇರ ಹಣ ಕೊಡಬಹುದೇ, ಸಾಲವಾಗಿ ಕೊಟ್ಟು ವಾಪಸ್ ಪಡೆಯಬಹುದೇ? ಹೊಸ ಉದ್ಯಮಕ್ಕೆ ಬ್ಯಾಂಕ್ ಸಾಲದ ಜೊತೆ ಕೇಂದ್ರ ಕೊಡುವ ಪಿಎಂಇಜಿಪಿ ಸಬ್ಸಿಡಿ ಇರುವಾಗ ನಮ್ಮ ಹಣದ ಅಗತ್ಯ ಎಷ್ಟು?

ಬ್ಯಾಂಕ್ ಕಿಟಕಿ

ಪಿಎಂಇಜಿಪಿಯಲ್ಲಿ ಎಲ್ಲರೂ ಎಡವುವುದು ‘ಸಬ್ಸಿಡಿ ಕೈಗೆ ಬರುತ್ತದೆ’ ಎಂಬ ನಂಬಿಕೆಯಿಂದ. ಲೆಕ್ಕ ಹೀಗಿದೆ. ಗ್ರಾಮೀಣ ಪ್ರದೇಶದ ಮಹಿಳೆ, 5 ಲಕ್ಷದ ತಯಾರಿಕಾ ಘಟಕ ಅಂದುಕೊಳ್ಳಿ. ವಿಶೇಷ ವರ್ಗವಾದ್ದರಿಂದ ಸ್ವಂತ ಪಾಲು ಶೇ 5, ಅಂದರೆ 25,000. ಉಳಿದ 4.75 ಲಕ್ಷ ಬ್ಯಾಂಕ್ ಸಾಲ. ಶೇ 35ರ ಸಬ್ಸಿಡಿ 1.75 ಲಕ್ಷ ಬ್ಯಾಂಕಿನಲ್ಲೇ ಅವರ ಹೆಸರಲ್ಲಿ ಠೇವಣಿಯಾಗಿ 3 ವರ್ಷ ಕೂರುತ್ತದೆ. ಅದಕ್ಕೆ ಬಡ್ಡಿ ಬರುವುದಿಲ್ಲ, ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಬೀಳುವುದೂ ಇಲ್ಲ. 3 ವರ್ಷವಾದ ಮೇಲೆ ಘಟಕ ನಡೆಯುತ್ತಿದೆಯೆಂದು ಸ್ಥಳ ಪರಿಶೀಲನೆ ಆದರೆ ಸಾಲಕ್ಕೆ ಜಮೆ. ನಡುವೆ ಮುಚ್ಚಿದರೆ ಸಬ್ಸಿಡಿ ವಾಪಸ್ ಹೋಗುತ್ತದೆ, ಪೂರಾ ಸಾಲ ತಲೆ ಮೇಲೆ. ಸಾಮಾನ್ಯ ವರ್ಗದವರಿಗೆ ಸ್ವಂತ ಪಾಲು ಶೇ 10, ಸಬ್ಸಿಡಿ ಹಳ್ಳಿಯಲ್ಲಿ 25, ನಗರದಲ್ಲಿ 15. ಆಗಲೇ ನಡೆಯುತ್ತಿರುವ ಘಟಕಕ್ಕೆ ಇದು ಸಿಗದು. ಆದ್ದರಿಂದ ‘ಮೊದಲು ಶುರು ಮಾಡಿ, ಆಮೇಲೆ ಅರ್ಜಿ ಹಾಕೋಣ’ ಎಂದು ಮಕ್ಕಳಿಗೆ ಹೇಳಿಕೊಡಬೇಡಿ.

ಆಹಾರ ಘಟಕಕ್ಕೆ ಕಿರು ಆಹಾರ ಸಂಸ್ಕರಣೆಯ ಪಿಎಂಎಫ್ಎಂಇ ಯೋಜನೆ ಉತ್ತಮ. ಕೇಂದ್ರದ ಶೇ 35ರ ಮೇಲೆ ಕರ್ನಾಟಕ 15 ಸೇರಿಸಿದ್ದರಿಂದ ಶೇ 50, ಗರಿಷ್ಠ 15 ಲಕ್ಷ. ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ ಕೆಪೆಕ್ ಮೂಲಕ ನಡೆಯುತ್ತದೆ. ಇಲ್ಲಿ ನಡೆಯುತ್ತಿರುವ ಘಟಕಕ್ಕೂ ಅವಕಾಶವಿದೆ.

ಕಡತ ನಿಲ್ಲುವ ಕಾರಣಗಳು ಸಾಮಾನ್ಯವಾಗಿ ಇವು. ಸಾಲದ ಇತಿಹಾಸ ತೋರಿಸುವ ಸಿಬಿಲ್‌ನಲ್ಲಿ ಹಳೆಯ ಮೊಬೈಲ್ ಕಂತಿನ ಬಾಕಿ, ಕೆಲವೊಮ್ಮೆ 900 ರೂಪಾಯಿ. ಆಧಾರ್, ಪ್ಯಾನ್‌ನಲ್ಲಿ ಹೆಸರಿನ ಕಾಗುಣಿತ ಬೇರೆ ಬೇರೆ. ಜಾಗದ ಬಾಡಿಗೆ ಕರಾರು ಇಲ್ಲ. ಕೊಟೇಶನ್‌ನಲ್ಲಿ ಜಿಎಸ್‌ಟಿ ಸಂಖ್ಯೆ ಇಲ್ಲ. ಹತ್ತು ಜನರ ಯೋಜನಾ ವರದಿಯಲ್ಲಿ ಒಂದೇ ಅಂಕಿ, ಹೆಸರು ಮಾತ್ರ ಬೇರೆ. ಕೊನೆಯದನ್ನು ಮ್ಯಾನೇಜರ್ ಮೊದಲ ನೋಟಕ್ಕೇ ಹಿಡಿಯುತ್ತಾರೆ. ತರಬೇತಿಯ ಮೊದಲ ವಾರದಲ್ಲೇ ಪ್ರತಿಯೊಬ್ಬರ ಸಿಬಿಲ್ ತೆಗೆಸಿ. 45ನೇ ದಿನ ನೋಡಿದರೆ ಸರಿಪಡಿಸಲು ಸಮಯವಿಲ್ಲ. ಮಂಜೂರಾತಿಗೂ ಹಣ ಬಿಡುಗಡೆಗೂ ನಡುವೆ ತಿಂಗಳುಗಟ್ಟಲೆ ಅಂತರ ಇರುತ್ತದೆ. ನಿಮ್ಮ ಸಿಎಸ್ಆರ್ ಹಣ ಬೇಕಾಗಿರುವುದು ಆ ಅಂತರಕ್ಕೆ ಮತ್ತು ಆ 25,000ದ ಸ್ವಂತ ಪಾಲಿಗೆ.

ರೊಟ್ಟಿ ಲೆಕ್ಕ

ದುಡಿಯುವ ಬಂಡವಾಳದ ಮಾತು ಬಂತಲ್ಲ, ಕಡಕ್ ರೊಟ್ಟಿ ಘಟಕದ್ದೇ ಒಂದು ಅಂದಾಜು ಹಾಕೋಣ. ದಿನಕ್ಕೆ 500 ರೊಟ್ಟಿ. ಕಿಲೋ ಜೋಳದ ಹಿಟ್ಟಿಗೆ 20 ರೊಟ್ಟಿ ಎಂದರೆ 25 ಕಿಲೋ, ಕಿಲೋಗೆ 50ರಂತೆ 1,250 ರೂಪಾಯಿ. ಮೂವರ ಕೂಲಿ 350ರಂತೆ 1,050. ಸೌದೆ ಅಥವಾ ಗ್ಯಾಸ್ 300, ಪ್ಯಾಕಿಂಗ್ 200. ದಿನಕ್ಕೆ 2,800. ಅಂಗಡಿಯವರು ಸರಕು ತೆಗೆದುಕೊಂಡು 21 ದಿನಕ್ಕೆ ದುಡ್ಡು ಕೊಡುತ್ತಾರೆ, ಮನೆಯಲ್ಲಿ 7 ದಿನದ ದಾಸ್ತಾನು. ಒಟ್ಟು 28 ದಿನ ಕೈಯಿಂದ ಹಾಕುತ್ತಲೇ ಇರಬೇಕು: 78,400 ರೂಪಾಯಿ. ಬರುವ ಯೋಜನಾ ವರದಿಗಳಲ್ಲಿ ರೊಟ್ಟಿ ಮಷಿನ್‌ಗೆ ಲಕ್ಷಗಟ್ಟಲೆ ಇದ್ದು, ಈ ಬಾಬಿಗೆ 10,000 ಬರೆದಿರುತ್ತಾರೆ. ಎರಡನೇ ವಾರ ಹಿಟ್ಟಿಗೆ ದುಡ್ಡಿಲ್ಲ, ಮಷಿನ್ ಮೇಲೆ ಗೋಣಿಚೀಲ.

ಮೊದಲ ಆರು ತಿಂಗಳು ಮಷಿನ್ನೇ ಬೇಡ. ಕೈಯಲ್ಲಿ ಬಡಿಯುವವರು ನಿಮ್ಮ ಊರಲ್ಲಿ ಇಲ್ಲವೇ? ಮಾರುಕಟ್ಟೆ ಗಟ್ಟಿಯಾದ ಮೇಲೆ ಪಿಎಂಎಫ್ಎಂಇಗೆ ಹೋಗಿ. ರೊಟ್ಟಿ ಪೂರಾ ಒಣಗದೆ ಬಿಸಿಯಲ್ಲೇ ಪ್ಯಾಕ್ ಮಾಡಿದರೆ ಒಳಗೆ ಬೆವರಿ ಬೂಷ್ಟು ಬರುತ್ತದೆ. ತಣಿದ ಮೇಲೆ, ಮುರಿದರೆ ಚಟ್ ಎನ್ನುವಂತಿದ್ದಾಗ ಕಟ್ಟಬೇಕು. ಮುರಿದದ್ದನ್ನು ಲೆಕ್ಕದಿಂದ ಬಿಡಬೇಡಿ, ಸಾಗಣೆಯಲ್ಲಿ ನೂರಕ್ಕೆ ಐದಾರು ಹೋಗುತ್ತವೆ ಎಂದೇ ಬೆಲೆ ಕಟ್ಟಿ. ವರ್ಷದ ವಹಿವಾಟು 12 ಲಕ್ಷದೊಳಗಿದ್ದರೆ ಆಹಾರ ಸುರಕ್ಷತೆಯ ಎಫ್ಎಸ್ಎಸ್ಎಐ ಮೂಲ ನೋಂದಣಿ ಸಾಕು, ಶುಲ್ಕ ವರ್ಷಕ್ಕೆ 100 ರೂಪಾಯಿ. ಅದಕ್ಕೆ ಸಾವಿರಾರು ಕೇಳುವ ಏಜೆಂಟರಿಂದ ಮಕ್ಕಳನ್ನು ದೂರ ಇಡಿ.

ಲೆಕ್ಕದ ಮೇಷ್ಟ್ರು

ಸಾಲವಾಗಿ ಕೊಟ್ಟು ವಾಪಸ್ ಪಡೆಯುವ ಪ್ರಶ್ನೆಗೆ: ಬಂದ ಹಣ ಕಂಪನಿಗೆ ಮರಳುವಂತಿಲ್ಲ. ಸಿಎಸ್ಆರ್‌ನಿಂದ ಹುಟ್ಟಿದ ಹೆಚ್ಚುವರಿ ಕಂಪನಿಯ ಲಾಭವಾಗಕೂಡದು, ಅದೇ ಯೋಜನೆಗೆ ಮತ್ತೆ ಹೋಗಬೇಕು, ಇಲ್ಲವೇ ಖರ್ಚಾಗದ ಸಿಎಸ್ಆರ್ ಖಾತೆಗೋ ಏಳನೇ ಅನುಸೂಚಿಯ ನಿಧಿಗೋ ಹೋಗಬೇಕು. ಹಾಗಾಗಿ ಸುತ್ತುನಿಧಿ (ವಾಪಸ್ ಬಂದದ್ದನ್ನೇ ಮುಂದಿನವರಿಗೆ ಕೊಡುವ ನಿಧಿ) ಮಾಡುವುದಾದರೆ ಅದು ಟ್ರಸ್ಟಿನಲ್ಲೋ ಸ್ವಸಹಾಯ ಸಂಘದ ಒಕ್ಕೂಟದಲ್ಲೋ ಉಳಿಯುತ್ತದೆ ಎಂದು ಒಪ್ಪಂದದಲ್ಲೇ ಬರೆಯಿರಿ. ಬಡ್ಡಿ ಹಾಕಬೇಡಿ. ಬಡ್ಡಿ ಹಾಕಿದ ಕೂಡಲೇ ಲೇವಾದೇವಿಯ ಪ್ರಶ್ನೆ ಏಳುತ್ತದೆ.

ಯಂತ್ರಗಳ ಒಡೆತನವೂ ಅಷ್ಟೇ ಮುಖ್ಯ. ಸಿಎಸ್ಆರ್‌ನಿಂದ ಕೊಂಡ ಆಸ್ತಿ ಕಂಪನಿಯ ಹೆಸರಲ್ಲಿ ಇರುವಂತಿಲ್ಲ. ಸಿಎಸ್ಆರ್ ಸಂಖ್ಯೆಯುಳ್ಳ ಟ್ರಸ್ಟ್, ಸೊಸೈಟಿ ಅಥವಾ ಸೆಕ್ಷನ್ 8 (ಲಾಭರಹಿತ) ಕಂಪನಿ, ಫಲಾನುಭವಿಗಳ ಸಂಘ, ಇಲ್ಲವೇ ಸರ್ಕಾರಿ ಪ್ರಾಧಿಕಾರದ ಹೆಸರಲ್ಲಿರಬೇಕು. ಕಂಪನಿಯೇ ಯಂತ್ರ ಕೊಂಡು ಕೊಡುತ್ತೇನೆಂದರೆ, 2023ರ ಅಕ್ಟೋಬರ್ 1ರಿಂದ ಸಿಎಸ್ಆರ್ ಖರೀದಿಯ ಮೇಲೆ ಅವರಿಗೆ ಜಿಎಸ್‌ಟಿ ಹೂಡುವಳಿ ತೆರಿಗೆ ಜಮೆ (ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಅವಕಾಶ) ಸಿಗುವುದಿಲ್ಲ. ಬಜೆಟ್‌ನಲ್ಲಿ ತೆರಿಗೆ ಸೇರಿಸಿದ ಬೆಲೆಯನ್ನೇ ಹಾಕಿ.

ತುಂಗಭದ್ರಾ ದಂಡೆ

ಸುತ್ತುನಿಧಿ ಬಗ್ಗೆ ಮೇಷ್ಟ್ರ ಜೊತೆ ಪೂರ್ತಿ ಒಪ್ಪಲಾರೆ. 20–22ರ ಹುಡುಗರ ಕೈಯಿಂದ ವಸೂಲಿಗೆ ಹೋಗುವ ಕ್ಷೇತ್ರ ಸಿಬ್ಬಂದಿ ಆಮೇಲೆ ಸಲಹೆ ಕೊಡುವ ಅಣ್ಣನಾಗಿ ಉಳಿಯುವುದಿಲ್ಲ, ಸಾಲದವನಾಗುತ್ತಾನೆ. ಅವನ ಬೈಕ್ ಸದ್ದು ಕೇಳಿದರೆ ಅಂಗಡಿ ಬಾಗಿಲು ಎಳೆಯುತ್ತಾರೆ. ನಗದು ಬೇಡ, ಉಪಕರಣ ಕೊಡಿ. ಆರು ತಿಂಗಳು ಕೆಲಸ ನಡೆದ ಮೇಲೆ ಅದರ ಒಡೆತನದ ಪತ್ರ ಕೊಡಿ. ಅಲ್ಲಿಯವರೆಗೆ ಟ್ರಸ್ಟಿನದು. ವಾಪಸ್ ಬಂದ ಪೆಟ್ಟಿಗೆ ಮುಂದಿನ ತಂಡಕ್ಕೆ. ವಸೂಲಿ ಕೆಲಸ ಬ್ಯಾಂಕಿಗೆ ಬಿಡಿ.

ರೊಟ್ಟಿ ಲೆಕ್ಕ

ಬೈಕ್‌ಗೆ ಸರಿ. ರೊಟ್ಟಿಗೆ ಉಪಕರಣ ಅಂದರೆ ಹಿಟ್ಟೇ. ಅಲ್ಲಿ ಸಂಘದೊಳಗಿನ ಸುತ್ತುನಿಧಿಯೇ ನಡೆಯುತ್ತದೆ, ವಸೂಲಿಯನ್ನು ಅವರವರೇ ನೋಡಿಕೊಳ್ಳುತ್ತಾರೆ.

ಕಂಪನಿ ಕಡೆಯವರು

ಫಲಿತಾಂಶ ಅಳೆಯುವ ವಿಷಯ. ಪ್ರಮಾಣಪತ್ರದ ಎಣಿಕೆ ಯಾರಿಗೂ ಏನೂ ಹೇಳುವುದಿಲ್ಲ. 2021ರಲ್ಲಿ ರಾಷ್ಟ್ರೀಯ ಕೌಶಲ ಅಭಿವೃದ್ಧಿ ನಿಗಮ ಎನ್‌ಎಸ್‌ಡಿಸಿ ಮತ್ತಿತರರು ಸೇರಿ ತಂದ ಸ್ಕಿಲ್ ಇಂಪ್ಯಾಕ್ಟ್ ಬಾಂಡ್‌ನಲ್ಲಿ ಹಣವನ್ನು ಸೇರ್ಪಡೆ, ಪ್ರಮಾಣಪತ್ರದ ಜೊತೆಗೆ ಕೆಲಸ ಸಿಕ್ಕಿದ್ದಕ್ಕೆ, 3 ತಿಂಗಳು ಕೆಲಸದಲ್ಲಿ ಉಳಿದದ್ದಕ್ಕೆ ಕಟ್ಟಿದ್ದರು. ಸಣ್ಣ ಯೋಜನೆಯಲ್ಲೂ ಆ ಕಲ್ಪನೆ ಬಳಸಬಹುದು: 40, 30, 20, 10ರ ಕಂತು, ಕೊನೆಯ ಹತ್ತು ಆರು ತಿಂಗಳ ಪರಿಶೀಲನೆಗೆ. ಕೊನೆಯ ಕಂತು ಅದಕ್ಕಿಂತ ದೊಡ್ಡದಾದರೆ ಸಣ್ಣ ಟ್ರಸ್ಟ್ ಸಂಬಳಕ್ಕೆ ಸಾಲ ಮಾಡುತ್ತದೆ, ಅದೂ ಬೇಡ.

ಕೆಲಸಕ್ಕೆ ಸೇರಿದ್ದಕ್ಕೆ ಕಂಪನಿಯ ಲೆಟರ್ ಹೆಡ್ ಪುರಾವೆಯಲ್ಲ, ಅದನ್ನು ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯಲ್ಲೂ ಮಾಡಬಹುದು. ಪಿಎಫ್ ಖಾತೆಯ (ಯುಎಎನ್) ಪಾಸ್‌ಬುಕ್ ತೋರಿಸಲಿ, ತಿಂಗಳು ತಿಂಗಳು ಪಿಎಫ್ ಬಿದ್ದಿದೆಯೋ ಇಲ್ಲವೋ ಕಾಣುತ್ತದೆ. ಸ್ವಂತ ಉದ್ಯೋಗಕ್ಕೆ ಸಣ್ಣ ಉದ್ಯಮಗಳ ಸರ್ಕಾರಿ ‘ಉದ್ಯಮ್’ ನೋಂದಣಿ ಪುರಾವೆಯಲ್ಲ, ಪುಕ್ಕಟೆಯಾಗಿ ಹತ್ತು ನಿಮಿಷದಲ್ಲಿ ಸಿಗುತ್ತದೆ. ಅಂಗಡಿ ಮುಂದಿನ ಫೋಟೋವೂ ಅಲ್ಲ, ಪಕ್ಕದವರ ಅಂಗಡಿ ಮುಂದೆ ನಿಂತು ತೆಗೆಸಿಕೊಳ್ಳುತ್ತಾರೆ. ಮೂರು ತಿಂಗಳ ಯುಪಿಐ ಜಮೆ, ಸಾಮಾನು ಕೊಂಡ ಬಿಲ್ಲು, ಮುನ್ಸೂಚನೆಯಿಲ್ಲದ ಒಂದು ಭೇಟಿ. ಈ ಮೂರರಲ್ಲಿ ಎರಡು ಹೊಂದಿದರೆ ಒಪ್ಪಿಕೊಳ್ಳಿ.

ಕುಷ್ಟಗಿ ಟ್ರಸ್ಟ್

ಎಲ್ಲ ಸೇರಿಸಿ ಹೊಸ ಬಜೆಟ್ ಹಾಕಿದ್ದೇವೆ. 120ರ ಬದಲು 72 ಮಂದಿ, 18 ತಿಂಗಳು, ಚಾಲ್ತಿ ಯೋಜನೆ.

ಇಬ್ಬರು ತರಬೇತುದಾರರು, ತಿಂಗಳಿಗೆ 30,000ದಂತೆ 12 ತಿಂಗಳು: 7.2 ಲಕ್ಷ. ಕಲಿಕೆಯ ಸಾಮಗ್ರಿ ತಲೆಗೆ 3,000: 2.16 ಲಕ್ಷ. ಊಟ, ಬಸ್ ಖರ್ಚು ದಿನಕ್ಕೆ 150ರಂತೆ 45 ದಿನ: 4.86 ಲಕ್ಷ. ಕೇಂದ್ರದ ಯಂತ್ರಗಳು: 5 ಲಕ್ಷ. ಕ್ಷೇತ್ರ ಸಿಬ್ಬಂದಿ ಒಬ್ಬರು 18 ತಿಂಗಳು, ಸಂಬಳ 25,000, ಪೆಟ್ರೋಲು 4,000: 5.22 ಲಕ್ಷ. 40 ಮಂದಿಗೆ 8,000ದ ಉಪಕರಣ ಅಥವಾ ಸಂಘದ ಸುತ್ತುನಿಧಿ: 3.2 ಲಕ್ಷ. ಆಡಿಟ್, ವಿಮೆ, ಪರೀಕ್ಷಾ ಶುಲ್ಕ: 1 ಲಕ್ಷ. ಉಳಿದ 1.36 ಲಕ್ಷ ತುರ್ತಿಗೆ. ಮೊದಲ ತಂಡವನ್ನು ಜನವರಿಯಲ್ಲಿ ಶುರುಮಾಡಬಹುದೇ?

ಗ್ಯಾರೇಜ್ ಗುರು

ಗ್ಯಾರೇಜಿನ ಮೂರು ತಿಂಗಳ ಭತ್ಯೆ ಇದರಲ್ಲಿ ಕಾಣುತ್ತಿಲ್ಲ. 24 ಹುಡುಗರಿಗೆ ತಿಂಗಳಿಗೆ 2,500 ಎಂದರೂ 1.8 ಲಕ್ಷ. ತುರ್ತಿನ ಬಾಬು ನುಂಗಿದರೂ ಸಾಲದು. ಹೊಲಿಗೆ ಮಷಿನ್ 10 ಬದಲು 8 ಮಾಡಿ ಹೊಂದಿಸಿ.

ಹೊಲಿಗಿ ಮನಿ, ಧಾರವಾಡ

ನಮ್ಮ ಮಷಿನ್ನಿಗೇ ಯಾಕ ಕಣ್ಣು ಹಾಕ್ತೀರಿ ಗುರುಗಳ? ಇಬ್ಬರು ತರಬೇತುದಾರರನ್ನ 12 ತಿಂಗಳು ಇಟ್ಕೊಳ್ಳೂದು ಬ್ಯಾಡ. ತಂಡ ನಡಿಯೂ 10 ತಿಂಗಳಿಗೆ ಇಟ್ಕೊಂಡ್ರ 1.2 ಲಕ್ಷ ಉಳೀತದ. ಉಳಿದ 60,000 ತುರ್ತಿನ್ಯಾಗ ತಗೋರಿ.

ಉಜಿರೆ ಕಡೆಯವ

ಜನವರಿ ಬೇಡ. ಆಗ ಕೊಪ್ಪಳದ ಗವಿಮಠದ ಜಾತ್ರೆ, ತೊಗರಿ ಕೊಯ್ಲು. ಫೆಬ್ರವರಿ ಹೊತ್ತಿಗೆ ಹಿಂಗಾರಿ ಜೋಳದ ಸುಗ್ಗಿ. ಹಾಜರಿ ಅರ್ಧಕ್ಕೆ ಇಳಿಯುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮನೆಭೇಟಿ, ಸಿಬಿಲ್ ತೆಗೆಸುವುದು, ಗ್ಯಾರೇಜುಗಳ ಜೊತೆ ಒಪ್ಪಂದ, ಯಂತ್ರಗಳ ಖರೀದಿ ಮುಗಿಸಿ. ಯಂತ್ರದ ಬಿಲ್ಲು ಮಾರ್ಚ್‌ಗೆ ಮೊದಲು ಬಂದರೆ ಕಂಪನಿಗೂ ಈ ವರ್ಷದ ಖರ್ಚು ಸ್ವಲ್ಪ ತೋರಿಸಲು ಆಗುತ್ತದೆ. ಮೊದಲ ತಂಡ ಮಾರ್ಚ್ ಎರಡನೇ ವಾರ, ಎರಡನೆಯದು ಏಪ್ರಿಲ್ ಕೊನೆಗೆ. ಜೂನ್‌ನಲ್ಲಿ ಬಿತ್ತನೆ, ಆಗ ತರಗತಿ ಇಡಬೇಡಿ. ಆ ತಿಂಗಳು ಸಿಬ್ಬಂದಿ ಮೊದಲ ತಂಡದವರ ಮನೆ, ಬ್ಯಾಂಕು ಸುತ್ತಲಿ.